ಏಳು ದಿನ ಕಾಯಿರಿ, ಹತ್ತು ಹೆಸರು ಕೊಡಿ

ಟಿವಿ ತಗೊಳ್ಳೋಕೆ ಅಂಗಡಿಗೆ ಹೋದರೆ ದುಡ್ಡು ಕೊಟ್ಟು ಅವತ್ತೇ ಮನೆಗೆ ತರಬಹುದು. ಕಾರಿಗೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದ ಮೇಲೆ ಅದಕ್ಕಿಂತ ಎಷ್ಟೋ ಅಗ್ಗದ, ಮನೆಮನೆ ಮಾರಾಟಕ್ಕೆ ಸೇರುವವರು ಕೊಳ್ಳುವ ಒಂದು ಸೇಲ್ಸ್ ಕಿಟ್ ತಗೊಳ್ಳೋಕೆ ಏಳು ದಿನ ಯಾಕೆ ಕಾಯಬೇಕು?

2006ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿಗೆ, ಅಂದರೆ ಗ್ರಾಹಕರಿಗೆ ಮೋಸವಾಗದ ಹಾಗೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆಗೆ ಬಂದ ರಾಶಿ ರಾಶಿ ಪತ್ರಗಳಲ್ಲಿ ಈ ಪ್ರಶ್ನೆ ಇತ್ತು. ಹೆಚ್ಚುಕಡಿಮೆ ಇದೇ ಮಾತುಗಳಲ್ಲಿ. ಕಂಪನಿಯ ಹೆಸರು ಬೇರೆ, ಕಿಟ್ಟಿನ ಬೆಲೆ ಬೇರೆ, ಸಹಿ ಬೇರೆ. ಉಳಿದದ್ದೆಲ್ಲ ಒಂದೇ. ನಮ್ಮಲ್ಲಿ ಓಣಿಗೆ ನೀರು ಬರದಿದ್ದಾಗ ಒಬ್ಬರು ‘ಮಾನ್ಯರೇ’ ಅಂತ ಅರ್ಜಿ ಬರೆದು, ಅದನ್ನೇ ಜೆರಾಕ್ಸ್ ಮಾಡಿಸಿ, ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಾರಲ್ಲ, ಆ ಥರ. ಒಟ್ಟು 17,000ಕ್ಕೂ ಜಾಸ್ತಿ ಪತ್ರ ಬಂದವು. ಅದರಲ್ಲಿ ಬಹುಪಾಲು ನೇರ ಮಾರಾಟದವರದ್ದು, ಅಂದರೆ ನಾವು ಆಡುಮಾತಿನಲ್ಲಿ ‘ಚೈನ್ ಲಿಂಕ್’ ಅಂತ ಕರೆಯುವ ವ್ಯಾಪಾರದವರದ್ದು. ಹೊಸಬರನ್ನು ಸೇರಿಸಿಕೊಳ್ಳುವ ಮುಂಚೆ ಏಳು ದಿನ ಕಾಯಬೇಕು ಅನ್ನುವ ಸರ್ಕಾರದ ಒಂದು ಕರಡು ನಿಯಮಕ್ಕೆ ಅವರ ವಿರೋಧ. ಎರಡು ವರ್ಷದ ಒಳಗೆ ಅವರು ಗೆದ್ದರು.

ಮೊದಲೇ ಹೇಳಿಬಿಡುತ್ತೇನೆ. ಪತ್ರ ಬರೆದವರ ವಾದದಲ್ಲಿ ಮುಕ್ಕಾಲು ಪಾಲು ನನಗೆ ಒಪ್ಪಿಗೆ. ಆ ನಿಯಮ ಹಾಗೇ ಜಾರಿಗೆ ಬಂದಿದ್ದರೆ ತಪ್ಪಾಗುತ್ತಿತ್ತು. ಆದರೆ ಉಳಿದ ಕಾಲು ಪಾಲು ಇದೆಯಲ್ಲ, ಅದರಲ್ಲಿ ಒಂದು ಮುಖ್ಯ ವಿಷಯ ಯಾರ ಗಮನಕ್ಕೂ ಬರದ ಹಾಗೆ ಜಾರಿಹೋಯಿತು. ಅದಕ್ಕೇ ಇಷ್ಟು ಹಳೆಯ ಪ್ರಕರಣವನ್ನು ಮತ್ತೆ ತೆಗೆದು ಕೂತಿದ್ದೇನೆ.

ಐನೂರು ಡಾಲರಿನ ಗೆರೆ

ಕಮಿಷನ್ನಿನ ಬಳಿ 1978ರಿಂದಲೇ ಫ್ರಾಂಚೈಸ್ ನಿಯಮ ಅಂತ ಒಂದಿತ್ತು. ಹೋಟೆಲ್ ಫ್ರಾಂಚೈಸಿ ತಗೊಳ್ಳುವವರಿಗೆ ಕಂಪನಿಯವರು ಮೊದಲೇ ಎಲ್ಲ ವಿವರ ಬರೆದು ಕೊಡಬೇಕು ಅನ್ನುವ ನಿಯಮ. ಸಣ್ಣಪುಟ್ಟ ‘ಬಿಸಿನೆಸ್ ಅವಕಾಶ’ ಮಾರುವವರೂ ಅದರಡಿಯಲ್ಲೇ ಬರುತ್ತಿದ್ದರು. ಆದರೆ ಒಂದು ಗೆರೆ ಇತ್ತು. ಸೇರುವವನು ಮೊದಲ ಆರು ತಿಂಗಳಲ್ಲಿ 500 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕಟ್ಟಬೇಕಾಗಿದ್ದರೆ ಮಾತ್ರ ನಿಯಮ. ಅದಕ್ಕಿಂತ ಕಡಿಮೆ ಇದ್ದರೆ ಕೇಳುವವರಿಲ್ಲ.

ಮೋಸ ಮಾಡುವವರಿಗೆ ಇಷ್ಟು ಸಾಕಲ್ವಾ. ಮನೆಯಲ್ಲೇ ಕೂತು ಲಕೋಟೆಗೆ ಕಾಗದ ತುಂಬಿಸಿ ದುಡ್ಡು ಮಾಡಿ. ಡಾಕ್ಟರುಗಳ ಬಿಲ್ ಟೈಪ್ ಮಾಡಿ ದುಡ್ಡು ಮಾಡಿ. ಮಾಡೋದು ಹೇಗೆ ಅಂತ ತಿಳಿಯೋಕೆ ಮೊದಲು ಇಷ್ಟು ಕಳಿಸಿ. ನಮ್ಮ ಬಸ್ ಸ್ಟ್ಯಾಂಡಿನ ಕಂಬಗಳಿಗೆ ಅಂಟಿಸಿರುವ ‘ಮನೆಯಿಂದಲೇ ಪಾರ್ಟ್ ಟೈಮ್ ಕೆಲಸ’ ಚೀಟಿಗಳ ಅಮೆರಿಕನ್ ಅಣ್ಣತಮ್ಮಂದಿರು ಇವು. ಇವುಗಳಲ್ಲಿ ಎಷ್ಟೋ ಸ್ಕೀಮು ಐನೂರರ ಗೆರೆಯ ಕೆಳಗೇ ಇದ್ದವು. ದುಡ್ಡು ಕಳೆದುಕೊಂಡವರಲ್ಲಿ ಕೆಲಸ ಹುಡುಕುತ್ತಿದ್ದವರು, ವಯಸ್ಸಾದವರು, ಮನೆ ಬಿಟ್ಟು ಹೊರಗೆ ದುಡಿಯಲು ಆಗದವರೇ ಜಾಸ್ತಿ.

1990ರ ದಶಕದಲ್ಲೇ ಕಮಿಷನ್ ಹಳೆಯ ನಿಯಮವನ್ನು ಮರುಪರಿಶೀಲನೆಗೆ ತೆಗೆದುಕೊಂಡಿತ್ತು. ಫ್ರಾಂಚೈಸಿಗೆ ಒಂದು ನಿಯಮ, ಸಣ್ಣ ಅವಕಾಶಗಳಿಗೆ ಇನ್ನೊಂದು ಅಂತ ಬೇರೆ ಮಾಡುವ ತೀರ್ಮಾನವಾಯಿತು. 2006ರ ಏಪ್ರಿಲ್ 12ಕ್ಕೆ ಎರಡನೆಯದರ ಕರಡು ಪ್ರಕಟವಾಯಿತು. ಹೆಸರು ಬಿಸಿನೆಸ್ ಆಪರ್ಚುನಿಟಿ ರೂಲ್. ಅದರಲ್ಲಿ ಐನೂರರ ಗೆರೆಯನ್ನೇ ಅಳಿಸಿದ್ದರು.

ಗೆರೆ ಅಳಿಸಿದ್ದು ಲಕೋಟೆ ಮೋಸದವರನ್ನು ಹಿಡಿಯೋಕೆ. ಆದರೆ ಆ ಒಂದು ಬದಲಾವಣೆಯಿಂದ ಏವನ್, ಮೇರಿ ಕೇ, ಟಪ್ಪರ್‌ವೇರ್, ಆಮ್‌ವೇಯಂಥ ನೇರ ಮಾರಾಟದ ಕಂಪನಿಗಳೆಲ್ಲ ಬಲೆಯೊಳಗೆ ಬಂದವು. ಇವರ ಕಿಟ್ಟುಗಳೆಲ್ಲ ಐನೂರಕ್ಕಿಂತ ಎಷ್ಟೋ ಕಡಿಮೆ ಬೆಲೆಯವು. ಅಲ್ಲಿಯವರೆಗೆ ಈ ನಿಯಮದ ಬಿಸಿ ಅವರಿಗೆ ತಟ್ಟಿರಲಿಲ್ಲ.

ಕರಡು ಏನು ಹೇಳುತ್ತಿತ್ತು? ಯಾರನ್ನಾದರೂ ಸೇರಿಸಿಕೊಳ್ಳುವ ಮುಂಚೆ ಅವರ ಕೈಗೆ ಒಂದು ಪುಟದ ಫಾರಂ ಕೊಡಬೇಕು. ಕೊಟ್ಟ ಮೇಲೆ ಏಳು ದಿನ ದುಡ್ಡು ಮುಟ್ಟುವಂತಿಲ್ಲ, ಸಹಿ ಹಾಕಿಸಿಕೊಳ್ಳುವಂತಿಲ್ಲ. ಆದಾಯದ ಬಗ್ಗೆ ಏನಾದರೂ ಹೇಳಿದ್ದೀರಾ ಅಂತ ಫಾರಂನಲ್ಲಿ ತಿಳಿಸಬೇಕು, ಹೇಳಿದ್ದರೆ ಆಧಾರ ಸಮೇತ ಬೇರೆ ಹಾಳೆ ಲಗತ್ತಿಸಬೇಕು. ಮೋಸ, ಸುಳ್ಳು ಭರವಸೆ ಅಂತ ಹತ್ತು ವರ್ಷದಲ್ಲಿ ಕಂಪನಿಯ ಮೇಲೆ ಬಿದ್ದ ಕೇಸುಗಳನ್ನೆಲ್ಲ, ಗೆದ್ದದ್ದೋ ಸೋತದ್ದೋ ಅನ್ನೋದು ಬೇಡ, ಪಟ್ಟಿ ಮಾಡಬೇಕು. ದುಡ್ಡು ವಾಪಸ್ ಕೊಡುವ ನೀತಿ ಇದ್ದರೆ ಬರೆಯಬೇಕು. ಹಿಂದಿನ ಎರಡು ವರ್ಷದಲ್ಲಿ ಎಷ್ಟು ಜನ ಸೇರಿದರು, ಅದರಲ್ಲಿ ಎಷ್ಟು ಜನ ವಾಪಸ್ ಕೇಳಿದರು ಅನ್ನುವ ಲೆಕ್ಕ ಕೊಡಬೇಕು. ಕೊನೆಗೆ, ಹೊಸಬರ ಮನೆಗೆ ಅತಿ ಹತ್ತಿರದಲ್ಲಿರುವ, ಈಗಾಗಲೇ ಸೇರಿರುವ ಹತ್ತು ಜನರ ಹೆಸರು, ಊರು, ಫೋನ್ ನಂಬರ್.

ಓದುವಾಗ ಎಲ್ಲ ಸರಿಯಾಗೇ ಇದೆ ಅನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು.

ಅಡುಗೆಮನೆಯ ಮೇಜಿನ ಮೇಲೆ

ಓಹಾಯೋ ರಾಜ್ಯದ ಸಣ್ಣ ಊರೊಂದರಲ್ಲಿ ಒಬ್ಬ ಹೆಂಗಸು ಇದ್ದಾರೆ ಅಂತಿಟ್ಟುಕೊಳ್ಳಿ. ಶಾಲೆಯಲ್ಲಿ ಅರ್ಧ ದಿನದ ಕೆಲಸ, ಉಳಿದ ಹೊತ್ತಿನಲ್ಲಿ ಕ್ರೀಮು ಲಿಪ್‌ಸ್ಟಿಕ್ ಮಾರುತ್ತಾರೆ. ಶನಿವಾರ ಗೆಳತಿಯ ಮನೆಯಲ್ಲಿ ಎಂಟು ಜನ ಸೇರಿದ್ದಾರೆ, ಮೇಜಿನ ಮೇಲೆ ಡಬ್ಬಿಗಳನ್ನು ಹರಡಿದ್ದಾರೆ. ಅದರಲ್ಲಿ ಒಬ್ಬಳು ‘ನಾನೂ ಸೇರ್ಕೋತೀನಿ, ನನಗೆ ರಿಯಾಯಿತಿಯಲ್ಲಿ ಸಿಕ್ಕರೆ ಸಾಕು’ ಅನ್ನುತ್ತಾಳೆ.

ಈಗ ಮಾರುವ ಹೆಂಗಸು ಏನು ಮಾಡಬೇಕು? ಫಾರಂ ಬೇಕು. ಫಾರಂನಲ್ಲಿ ಹತ್ತು ಹೆಸರು ಬೇಕು, ಅದೂ ಈ ಹೊಸಬಳ ಮನೆಗೆ ಹತ್ತಿರದವರೇ ಆಗಬೇಕು. ಅಂದರೆ ಇವಳ ವಿಳಾಸ ಕಂಪನಿಗೆ ಕಳಿಸಿ, ಅವರು ಪಟ್ಟಿ ತೆಗೆದು ಕೊಟ್ಟ ಮೇಲೆಯೇ ಫಾರಂ ತಯಾರು. ಪಕ್ಕದಲ್ಲಿ ಕೂತ ಇನ್ನೊಬ್ಬಳು ‘ನಾನೂ’ ಅಂದರೆ ಅವಳಿಗೆ ಬೇರೆ ಪಟ್ಟಿ. ಫಾರಂ ಕೊಟ್ಟ ತಾರೀಖು ಬರೆದಿಡಬೇಕು. ಅಲ್ಲಿಂದ ಏಳು ದಿನ ಎಣಿಸಬೇಕು. ಎಂಟನೇ ದಿನ ಮತ್ತೆ ಕಾರು ಹತ್ತಿ ಅವಳ ಮನೆಗೆ ಹೋಗಬೇಕು. ಕಾಗದಗಳನ್ನೆಲ್ಲ ಮೂರು ವರ್ಷ ಜೋಪಾನ ಮಾಡಬೇಕು. ಇಷ್ಟೆಲ್ಲ ಮಾಡಿ ಸಿಗುವುದು ಒಂದು ಕಿಟ್ ಮಾರಿದ ಖುಷಿ, ಅದೂ ರಿಯಾಯಿತಿ ಶಾಂಪೂಗೋಸ್ಕರ ಸೇರುವವಳಿಂದ.

ದೊಡ್ಡ ಕಂಪನಿಯಾದರೆ ಇದಕ್ಕೆ ಒಂದು ಆಫೀಸು, ಒಂದು ಸಾಫ್ಟ್‌ವೇರ್ ಇಟ್ಟುಕೊಳ್ಳುತ್ತದೆ. ನಡುವೆ ಸಿಕ್ಕಿಬೀಳುವುದು ಈ ಹೆಂಗಸು. ಯಾಕೆಂದರೆ ನೌಕರಿಯಲ್ಲಿರುವವರ ಥರ ಅವರು ಕಂಪನಿಯ ಸಿಬ್ಬಂದಿ ಅಲ್ಲ. ತಾವೇ ಸ್ವತಂತ್ರ ವ್ಯಾಪಾರಿ. ಯಾರನ್ನಾದರೂ ಸೇರಿಸಿದರೆ ನಿಯಮದ ಕಣ್ಣಿಗೆ ಅವರೂ ಒಬ್ಬ ‘ಮಾರಾಟಗಾರ’ ಆಗುವ ಸಾಧ್ಯತೆ ಇತ್ತು. ಲೆಕ್ಕ ತಪ್ಪಿದರೆ ಅವರ ತಲೆಗೂ ಬರಬಹುದು.

ಹತ್ತು ಹೆಸರಿನ ವಿಷಯವಂತೂ ಯೋಚಿಸಿದಷ್ಟೂ ವಿಚಿತ್ರ. ಸುಮ್ನೆ ಟಪ್ಪರ್‌ವೇರ್ ಡಬ್ಬಿ ಮಾರುವ ಒಬ್ಬರ ಫೋನ್ ನಂಬರು ಗುರುತಿಲ್ಲದವರ ಕೈಗೆ ಯಾಕೆ ಹೋಗಬೇಕು? ಆಗ ಅಮೆರಿಕದಲ್ಲಿ ಬೇರೆಯವರ ಹೆಸರು, ವಿವರ ಕದ್ದು ಸಾಲ ಎತ್ತುವ ಕಾಟ ದೊಡ್ಡ ಸುದ್ದಿ. ಪತ್ರಗಳಲ್ಲಿ ಈ ಭಯ ಮತ್ತೆ ಮತ್ತೆ ಬರುತ್ತದೆ. ಇದಕ್ಕಿಂತ ತಮಾಷೆಯ ತೊಂದರೆ ಇನ್ನೊಂದು. ಈ ವ್ಯಾಪಾರದಲ್ಲಿ ಇರುವ ಪ್ರತಿಯೊಬ್ಬರೂ ತಮ್ಮ ಕೆಳಗೆ ಜನ ಸೇರಿಸಲು ನೋಡುತ್ತಿರುತ್ತಾರೆ. ನೀವು ಕಷ್ಟಪಟ್ಟು ಒಬ್ಬರನ್ನು ಒಪ್ಪಿಸಿ, ‘ವಿಚಾರಿಸಿ ನೋಡಿ’ ಅಂತ ಹತ್ತು ನಂಬರ್ ಕೊಟ್ಟರೆ, ಅದರಲ್ಲಿ ಮೂರನೆಯವರು ‘ಅಯ್ಯೋ, ಅವರ ಕೆಳಗೆ ಯಾಕೆ, ನನ್ನ ಕೆಳಗೇ ಬನ್ನಿ’ ಅಂದರೆ? ಇನ್ನೊಂದು ಕಡೆಯಿಂದ ನೋಡಿ. ಕೇಳುವವಳಿಗೆ ಇದರಿಂದ ನಿಜ ಗೊತ್ತಾಗುತ್ತಾ? ಹಾಲು ಹಾಕುವವನನ್ನೇ ಕರೆದು ಹಾಲಿಗೆ ನೀರು ಹಾಕ್ತೀಯಾ ಅಂತ ಕೇಳಿದ ಹಾಗೆ. ಬಿಟ್ಟು ಹೋದವರ ಹತ್ತು ಹೆಸರು ಕೇಳಿದ್ದರೆ ಒಂದು ಅರ್ಥ ಇರುತ್ತಿತ್ತು.

ಕೇಸುಗಳ ಪಟ್ಟಿಯ ಬಗ್ಗೆಯೂ ವ್ಯಾಪಾರದವರ ಮಾತು ನ್ಯಾಯವಾದದ್ದೇ. ಅಮೆರಿಕದಲ್ಲಿ ಯಾರು ಯಾರ ಮೇಲೆ ಬೇಕಾದರೂ ಕೇಸು ಹಾಕುತ್ತಾರೆ. ಗೆದ್ದ ಕೇಸನ್ನೂ ‘ಮೋಸದ ಆರೋಪ’ ಅಂತ ಪಟ್ಟಿಯಲ್ಲಿ ಬರೆಯಬೇಕು ಅಂದರೆ ಐವತ್ತು ವರ್ಷದ ಹಳೆಯ ಕಂಪನಿಯ ಪಟ್ಟಿ ಉದ್ದ ಇರುತ್ತದೆ. ಹೋದ ತಿಂಗಳು ಶುರುವಾದ ಕಳ್ಳ ಕಂಪನಿಯ ಪಟ್ಟಿ ಖಾಲಿ. ಓದುವವರು ಯಾರನ್ನು ನಂಬುತ್ತಾರೆ?

ಆದಾಯದ ಹಾಳೆ ಮಾತ್ರ ಬೇರೆ ಕಥೆ. ಕರಡಿನ ಪ್ರಕಾರ ಸಂಖ್ಯೆ ಹೇಳದಿದ್ದರೂ, ಕೇಳುವವರು ಇಷ್ಟು ಸಂಪಾದಿಸಬಹುದು ಅಂತ ಊಹಿಸುವ ಹಾಗೆ ಮಾತಾಡಿದರೆ ಅದೂ ಆದಾಯದ ಭರವಸೆಯೇ. ‘ಪೋರ್ಶೆ ಕಾರು ಕೊಳ್ಳುವಷ್ಟು ದುಡಿಯಿರಿ’ ಅನ್ನುವ ಥರದ ಮಾತುಗಳು ಈ ಲೆಕ್ಕಕ್ಕೆ ಬರುತ್ತವೆ. ಚೆನ್ನಾಗಿ ಮಾರಿದವರಿಗೆ 1969ರಿಂದ ಗುಲಾಬಿ ಬಣ್ಣದ ಕ್ಯಾಡಿಲಾಕ್ ಕೊಡುತ್ತಾ ಬಂದ ಮೇರಿ ಕೇ ಕಂಪನಿಯವರು ಇದನ್ನು ಓದಿದಾಗ ಅವರ ಮುಖ ಹೇಗಾಗಿರಬಹುದು ಅಂತ ನನಗೆ ಕುತೂಹಲ. ಊರಿನ ಬೀದಿಯಲ್ಲಿ ಆ ಕಾರು ನಿಂತಿರುವುದೇ ಒಂದು ಆದಾಯದ ಭರವಸೆ ಅಲ್ವಾ?

ಇವರಿಗೆ ಇದು ಹೊಸ ಜಗಳ ಅಲ್ಲ

ವಿರೋಧದ ಮುಂದಾಳು ಡೈರೆಕ್ಟ್ ಸೆಲ್ಲಿಂಗ್ ಅಸೋಸಿಯೇಷನ್. 1910ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಹತ್ತು ಕಂಪನಿಗಳು ಕೂಡಿ ಕಟ್ಟಿಕೊಂಡ ಸಂಘದಿಂದ ಬೆಳೆದು ಬಂದದ್ದು. ಊರೂರು ತಿರುಗಿ ಮಾರುವವರನ್ನು ಊರಿನವರು ಅನುಮಾನದಿಂದ ನೋಡುವುದು, ಅಂಗಡಿಯವರಿಗೆ ಅವರನ್ನು ಕಂಡರೆ ಆಗದಿರುವುದು, ಪುರಸಭೆಯವರು ಲೈಸೆನ್ಸ್ ಕೇಳುವುದು ಇವೆಲ್ಲ ಅವರಿಗೆ ನೂರು ವರ್ಷದ ಅನುಭವ.

ಅದರಲ್ಲಿ ಪ್ರಸಿದ್ಧವಾದದ್ದು ಗ್ರೀನ್ ರಿವರ್ ಕಥೆ. ವಯೋಮಿಂಗ್ ರಾಜ್ಯದ ಒಂದು ರೈಲ್ವೆ ಊರು. ಗಂಡಸರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಿದ್ದರು. ಬ್ರಷ್ ಮಾರುವವರು, ಅದು ಇದು ಮಾರುವವರು ಬಂದು ಬಾಗಿಲು ಬಡಿದರೆ ನಿದ್ದೆ ಹಾಳು. 1931ರಲ್ಲಿ ಊರಿನವರು ಒಂದು ಕಾನೂನು ಮಾಡಿದರು. ಮನೆಯವರು ಕರೆಯದೆ ಮಾರಾಟಕ್ಕೆ ಬಾಗಿಲು ಬಡಿಯುವಂತಿಲ್ಲ. ಫುಲ್ಲರ್ ಬ್ರಷ್ ಕಂಪನಿ ಕೋರ್ಟಿಗೆ ಹೋಯಿತು, 1933ರಲ್ಲಿ ಮೇಲ್ಮನವಿ ಕೋರ್ಟಿನಲ್ಲಿ ಸೋತಿತು. ಆಮೇಲೆ ಎಷ್ಟೋ ಊರುಗಳು ಅದೇ ಕಾನೂನನ್ನು ನಕಲು ಮಾಡಿದವು. ಈಗಲೂ ಅಂಥ ಕಾನೂನಿಗೆ ಅಲ್ಲಿ ‘ಗ್ರೀನ್ ರಿವರ್’ ಅಂತಲೇ ಹೆಸರು.

ಆ ಸಲ ಕೋರ್ಟಿಗೆ ಹೋದದ್ದು ಒಂದು ಕಂಪನಿ. 2006ರಲ್ಲಿ ಸಂಘ ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. ಅದಕ್ಕೆ ಅವರ ಬಳಿ ಬೇರೆ ಬಲ ಇತ್ತು. ಅಮೆರಿಕದಲ್ಲಿ ಆಗ ಸುಮಾರು 1.4 ಕೋಟಿ ಜನ ಈ ವ್ಯಾಪಾರದಲ್ಲಿ ಇದ್ದಾರೆ, ವರ್ಷಕ್ಕೆ ಸುಮಾರು 3,000 ಕೋಟಿ ಡಾಲರ್ ವಹಿವಾಟು ಅಂತ ಸಂಘ ಹೇಳುತ್ತಿತ್ತು. ಅಷ್ಟು ಜನ ಎಲ್ಲ ಊರಲ್ಲೂ, ಎಲ್ಲ ಕಾಂಗ್ರೆಸ್ ಸದಸ್ಯರ ಕ್ಷೇತ್ರದಲ್ಲೂ ಇದ್ದರು. ಕಂಪನಿಗಳು ಪತ್ರದ ಮಾದರಿ ಹಂಚಿದವು. ನಿಯಮದ ದಾಖಲೆ ನಂಬರ್ ಸಮೇತ. ಖಾಲಿ ಜಾಗದಲ್ಲಿ ‘ನಾನು ಎಷ್ಟು ವರ್ಷದಿಂದ ಮಾರುತ್ತಿದ್ದೇನೆ’ ಅಂತ ತುಂಬಿದರೆ ಸಾಕು. ಅಭಿಪ್ರಾಯ ಕಳಿಸುವ ಗಡುವು ಜುಲೈ 17ಕ್ಕೆ ಮುಂದೆ ಹೋಯಿತು. ಪತ್ರಗಳು ಸುರಿದವು.

ಜೆರಾಕ್ಸ್ ಪತ್ರ ಅಂತ ತಮಾಷೆ ಮಾಡುವುದು ಸುಲಭ. ಆದರೆ ಓದುತ್ತಾ ಹೋದರೆ ಮಾದರಿಯ ನಡುವೆ ಸ್ವಂತದ್ದು ಒಂದೆರಡು ಸಾಲು ಸಿಗುತ್ತದೆ. ಮಕ್ಕಳ ಫೀಸಿಗೆ ಆಗುತ್ತದೆ, ಗಂಡನ ಔಷಧಿಗೆ ಆಗುತ್ತದೆ, ಪಿಂಚಣಿ ಸಾಲದು. ಬರೆದವರು ಕಂಪನಿಯ ಲಾಯರುಗಳಲ್ಲ. ನನಗೆ ಅವರ ಮೇಲೆ ಅನುಮಾನ ಇಲ್ಲ. ಅನುಮಾನ ಇರುವುದು ಅವರ ಹೆಗಲ ಮೇಲೆ ಬಂದೂಕು ಇಟ್ಟವರ ಮೇಲೆ.

ಯಾರೂ ಜಾಸ್ತಿ ಮಾತಾಡದ ಕಾಲಂ

ಫಾರಂನಲ್ಲಿ ಎರಡು ವರ್ಷದ ವಾಪಸಾತಿ ಲೆಕ್ಕ ಇತ್ತಲ್ಲ, ಅದಕ್ಕೆ ಬರುತ್ತೇನೆ. ಆದಾಯದ ಹಾಳೆಯನ್ನೂ ಅದರ ಜೊತೆಗೇ ಇಟ್ಟು ನೋಡಿ.

ಏಳು ದಿನ ಕಾಯುವುದು ಆ ಓಹಾಯೋ ಹೆಂಗಸಿಗೆ ಕಷ್ಟ. ಹತ್ತು ಹೆಸರು ಹೊಂದಿಸುವುದು ಕಷ್ಟ. ಆದರೆ ‘ಕಳೆದ ವರ್ಷ ಇಷ್ಟು ಜನ ಸೇರಿದರು, ಇಷ್ಟು ಜನ ಬಿಟ್ಟರು, ಇಷ್ಟು ಜನಕ್ಕೆ ಇಷ್ಟು ಸಿಕ್ಕಿತು’ ಅನ್ನುವ ಲೆಕ್ಕದಿಂದ ಅವರಿಗೆ ಏನು ಕಷ್ಟ? ಅದು ಕಂಪನಿಯ ಕಂಪ್ಯೂಟರಿನಲ್ಲಿ ಆಗಲೇ ಇರುತ್ತದೆ. ಯಾರಿಗೆ ಎಷ್ಟು ಮಾರಾಟದ ಕಮಿಷನ್ ಅಂತ ತಿಂಗಳು ತಿಂಗಳು ಪೈಸೆ ಲೆಕ್ಕದಲ್ಲಿ ಚೆಕ್ ಬರೆಯುವ ಕಂಪನಿಗೆ ಅದನ್ನು ಕೂಡಿಸಿ ಒಂದು ಹಾಳೆಗೆ ಇಳಿಸುವುದು ಎಷ್ಟು ಹೊತ್ತಿನ ಕೆಲಸ? ಇಡೀ ದೇಶಕ್ಕೆ ಒಂದೇ ಹಾಳೆ, ವರ್ಷಕ್ಕೊಂದು ಸಲ. ವಿಳಾಸ ನೋಡಿ ಬದಲಾಯಿಸಬೇಕಾಗಿಲ್ಲ, ಎಂಟನೇ ದಿನ ಮತ್ತೆ ಹೋಗಬೇಕಾಗಿಲ್ಲ.

ಇದಕ್ಕೂ ವಿರೋಧ ಬಂತು. ಕೊಟ್ಟ ಕಾರಣದಲ್ಲಿ ತಿರುಳಿಲ್ಲ ಅಂತ ಹೇಳಲಾರೆ. ಎಷ್ಟೋ ಜನ ರಿಯಾಯಿತಿಗಾಗಿ ಸೇರುತ್ತಾರೆ, ಹಬ್ಬಕ್ಕೆ ನಾಲ್ಕು ಉಡುಗೊರೆ ಕೊಳ್ಳಲು ಸೇರಿ ಬಿಡುತ್ತಾರೆ. ಅವರನ್ನೂ ಸೇರಿಸಿ ಸರಾಸರಿ ತೆಗೆದರೆ ಲೆಕ್ಕ ಕೆಟ್ಟದಾಗಿ ಕಾಣುತ್ತದೆ. ಧಾರಾಳವಾಗಿ ದುಡ್ಡು ವಾಪಸ್ ಕೊಡುವ ಕಂಪನಿಯಲ್ಲಿ ವಾಪಸ್ ಕೇಳುವವರು ಜಾಸ್ತಿ ಇರುತ್ತಾರೆ, ಕೊಡದ ಕಂಪನಿಯಲ್ಲಿ ಕೇಳುವವರೇ ಇರುವುದಿಲ್ಲ. ಸಂಘದ ಸದಸ್ಯ ಕಂಪನಿಗಳು ಹನ್ನೆರಡು ತಿಂಗಳ ಒಳಗೆ ಕೊಂಡ, ಮಾರಬಹುದಾದ ಸ್ಥಿತಿಯಲ್ಲಿರುವ ಮಾಲನ್ನು ಬಿಟ್ಟು ಹೋಗುವವರಿಂದ ಶೇ. 90ರ ಬೆಲೆಗೆ ವಾಪಸ್ ತಗೊಳ್ಳಬೇಕು ಅಂತ ಅವರದೇ ಒಂದು ನೀತಿ ಇದೆ. ಒಳ್ಳೆಯ ನೀತಿ. ಅದನ್ನು ಪಾಲಿಸಿದವರ ಹೆಸರು ಕೆಡಬಾರದು ಅನ್ನೋದು ಸರಿ.

ಆದರೆ ಇದಕ್ಕೆಲ್ಲ ಪರಿಹಾರ ಇತ್ತು. ರಿಯಾಯಿತಿಗೆ ಸೇರಿದವರನ್ನು ಬೇರೆ ಸಾಲಿನಲ್ಲಿ ಹಾಕಿ ಅಂತ ಕೇಳಬಹುದಿತ್ತು. ವಾಪಸಾತಿ ಲೆಕ್ಕದ ಬದಲು ಆದಾಯದ ಲೆಕ್ಕ ಮಾತ್ರ ಕೊಡ್ತೀವಿ ಅನ್ನಬಹುದಿತ್ತು. ಪತ್ರಗಳ ಸುರಿಮಳೆಯಲ್ಲಿ ಆ ಮಾತು ಕೇಳಿಸಲಿಲ್ಲ. ಕಷ್ಟದ ಕಲಮುಗಳನ್ನು ತೋರಿಸಿ ಇಡೀ ಫಾರಂ ಬೇಡ ಅಂದರು.

ನನ್ನ ಅತ್ತಿಗೆ ಶಿವಮೊಗ್ಗದಲ್ಲಿ ಮೂರು ವರ್ಷ ಇದೇ ವ್ಯಾಪಾರ ಮಾಡಿದರು. ಕಂಪನಿಯ ಹೆಸರು ಬೇಡ. ಪ್ಲಾನ್ ತೋರಿಸೋಕೆ ಬಂದವರು ಬಿಳಿ ಹಲಗೆಯ ಮೇಲೆ ಒಂದು ಸೊನ್ನೆ ಬರೆದು, ಅದರ ಕೆಳಗೆ ಆರು ಸೊನ್ನೆ, ಅದರ ಕೆಳಗೆ ಮತ್ತಷ್ಟು ಸೊನ್ನೆ ಬರೆದರಂತೆ. ಸೊನ್ನೆ ಬರೆದು ಲಕ್ಷ ತೋರಿಸಿದರು ಅಂತ ಈಗ ನಗುತ್ತಾರೆ. ಅಟ್ಟದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಬಾಟಲಿಗಳು ಹೋದ ದೀಪಾವಳಿಯವರೆಗೂ ಇದ್ದವು. ‘ಅತ್ತಿಗೆ, ತಿಂಗಳಿಗೆ ಎಷ್ಟು ಬರ್ತಿತ್ತು?’ ಅಂತ ಒಂದು ಸಲ ಕೇಳಿದೆ. ‘ಬರ್ತಿತ್ತು ಕಣೋ’ ಅಂದರು. ‘ಅಂದ್ರೆ ಎಷ್ಟು?’ ‘ಲೆಕ್ಕ ಇಟ್ಟಿಲ್ಲ.’ ಹಾಲಿನ ಲೆಕ್ಕ, ಪೇಪರಿನ ಲೆಕ್ಕ ಎಲ್ಲ ಕ್ಯಾಲೆಂಡರಿನ ಮೇಲೆ ಬರೆಯುವ ಹೆಂಗಸು ಅವರು. ಇದೊಂದನ್ನು ಬರೆದಿರಲಿಲ್ಲ.

ಗೆದ್ದ ಮೇಲೆ

2008ರ ಮಾರ್ಚ್ 26ಕ್ಕೆ ಕಮಿಷನ್ ಪರಿಷ್ಕೃತ ಕರಡು ಪ್ರಕಟಿಸಿತು. ಮೊದಲಿನದ್ದು ತೀರಾ ಅಗಲವಾಗಿತ್ತು, ಸಾಮಾನ್ಯ ಸಗಟು ವ್ಯಾಪಾರವನ್ನೂ ಎಳೆದುಕೊಳ್ಳುವಂತಿತ್ತು ಅಂತ ಒಪ್ಪಿಕೊಂಡಿತು. ಮಲ್ಟಿಲೆವೆಲ್ ಕಂಪನಿಗಳನ್ನು, ಅಂದರೆ ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸುತ್ತಾ ಹೋಗುವ ಇದೇ ವ್ಯಾಪಾರದವರನ್ನು ನಿಯಮದಿಂದ ಹೊರಗೆ ಬಿಟ್ಟಿತು. ಈ ವ್ಯಾಪಾರಕ್ಕೆ ಅರ್ಥವಾಗುವಂಥ ಒಂದು ಆದಾಯದ ಹಾಳೆ ರೂಪಿಸುವುದು ಕಷ್ಟ, ಹಾಗಾಗಿ ಮೋಸ ಕಂಡಾಗ ಒಂದೊಂದೇ ಕೇಸು ಹಾಕಿ ನೋಡಿಕೊಳ್ಳುತ್ತೇವೆ ಅನ್ನುವುದು ಅದರ ನಿಲುವು. ಅಂತಿಮ ನಿಯಮ 2011ರ ಕೊನೆಗೆ ಬಂದು 2012ರ ಮಾರ್ಚ್ 1ರಿಂದ ಜಾರಿಯಾಯಿತು. ಒಂದು ಪುಟದ ಫಾರಂ, ಏಳು ದಿನ ಎರಡೂ ಉಳಿದವು, ಲಕೋಟೆಯಂಥ ಸ್ಕೀಮುಗಳಿಗೆ ಮಾತ್ರ. ವಾಪಸಾತಿ ಲೆಕ್ಕದ ಕಾಲಂ ಅವರ ಫಾರಂನಿಂದಲೂ ಹೋಯಿತು. ಸಂಘ ಇದನ್ನು ಗೆಲುವು ಅಂತ ಕೊಂಡಾಡಿತು, ಗೆಲುವೇ ಹೌದು.

ಒಂದೊಂದೇ ಕೇಸು ಅಂದರೆ ಏನು ಅಂತ ನೋಡೋಣ. ಬರ್ನ್‌ಲೌಂಜ್ ಅಂತ ಒಂದು ಕಂಪನಿ, ಹಾಡು ಡೌನ್‌ಲೋಡ್ ಮಾರುವ ನೆಪದಲ್ಲಿ ಪಿರಮಿಡ್ ಕಟ್ಟಿತ್ತು, ಅಂದರೆ ಮಾಲು ಮಾರುವುದಕ್ಕಿಂತ ಹೊಸಬರನ್ನು ಸೇರಿಸುವುದರಿಂದಲೇ ದುಡ್ಡು ಬರುವ ಸ್ಕೀಮು. ಕಮಿಷನ್ ಕೇಸು ಹಾಕಿದ್ದು 2007ರಲ್ಲಿ. ಮೇಲ್ಮನವಿ ಕೋರ್ಟು ಅದನ್ನು ಪಿರಮಿಡ್ ಅಂತ ಎತ್ತಿಹಿಡಿದದ್ದು 2014ರಲ್ಲಿ. ಏಳು ದಿನ ಜಾಸ್ತಿಯಾಯಿತು ಅಂದವರಿದ್ದರು, ಇಲ್ಲಿ ಏಳು ವರ್ಷ. ಇನ್ನೊಂದು ಮಲ್ಟಿಲೆವೆಲ್ ಕಂಪನಿ ಹರ್ಬಲೈಫ್ 2016ರಲ್ಲಿ 20 ಕೋಟಿ ಡಾಲರ್ ಕೊಟ್ಟು ಕಮಿಷನ್ನಿನ ಜೊತೆ ರಾಜಿ ಮಾಡಿಕೊಂಡಿತು. 2017ರ ಆರಂಭದಲ್ಲಿ ದುಡ್ಡು ಕಳೆದುಕೊಂಡಿದ್ದ ಸುಮಾರು 3.5 ಲಕ್ಷ ಜನರಿಗೆ ಚೆಕ್ ಹೋಯಿತು. ರಾಜಿಯ ಷರತ್ತಿನಲ್ಲಿ ಕಂಪನಿ ಮಾರುವವರಿಗೆ ದುಡ್ಡು ಕೊಡುವ ತನ್ನ ವ್ಯವಸ್ಥೆಯನ್ನೇ ಬದಲಾಯಿಸಬೇಕಾಯಿತು. ನಿಯಮ ಕೇಳಿದ್ದು ಒಂದು ಹಾಳೆ. ಕೇಸು ಬಂದಾಗ ಬುಡವನ್ನೇ ಅಗೆಯಿತು. ಲೆಕ್ಕ ಹಾಕಿದರೆ ಕಂಪನಿಗಳಿಗೂ ಆ ಹಾಳೆಯೇ ಅಗ್ಗ ಅಂತ ನನಗಂತೂ ಅನಿಸುತ್ತದೆ.

ಇಲ್ಲಿ ನಮ್ಮ ದೇಶದ ಮಾತು ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇಲ್ಲಿ ನಡೆದದ್ದು ಉಲ್ಟಾ. ಅಮೆರಿಕದಲ್ಲಿ ನಿಯಮ ಬೇಡ ಅಂದ ವ್ಯಾಪಾರವೇ ಭಾರತದಲ್ಲಿ ನಿಯಮ ಕೊಡಿ ಅಂತ ವರ್ಷಗಟ್ಟಲೆ ಕೇಳಿತು. ಕಾರಣ ಸರಳ. ನಮ್ಮಲ್ಲಿ ಇದ್ದದ್ದು ಚೀಟಿ ಮೋಸ, ಹಣ ಸುತ್ತಾಡಿಸುವ ಸ್ಕೀಮುಗಳನ್ನು ನಿಷೇಧಿಸುವ 1978ರ ಕಾಯ್ದೆ. ಅದನ್ನು ಹಿಡಿದು ಪೊಲೀಸರು ಬಾಗಿಲಿಗೆ ಬರುತ್ತಿದ್ದರು. ಆಮ್‌ವೇ ಇಂಡಿಯಾದ ಮುಖ್ಯಸ್ಥರಾಗಿದ್ದ ವಿಲಿಯಂ ಪಿಂಕ್ನಿ ಅವರನ್ನು 2013ರಲ್ಲಿ ಕೇರಳ ಪೊಲೀಸರು, 2014ರಲ್ಲಿ ಆಂಧ್ರ ಪೊಲೀಸರು ಬಂಧಿಸಿದ್ದರು. ಜೈಲು ಕಣ್ಣೆದುರಿಗೆ ಇದ್ದಾಗ ಫಾರಂ ಹಿತವಾಗಿ ಕಾಣುತ್ತದೆ. 2016ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಾರ್ಗಸೂಚಿ ಕೊಟ್ಟಿತು. 2021ರ ಡಿಸೆಂಬರ್ 28ಕ್ಕೆ ಗ್ರಾಹಕ ರಕ್ಷಣೆ ಕಾಯ್ದೆಯಡಿ ನೇರ ಮಾರಾಟದ ನಿಯಮಗಳೇ ಬಂದವು. ಪಿರಮಿಡ್ ಕಟ್ಟುವಂತಿಲ್ಲ, ರಾಜ್ಯಗಳು ನಿಗಾ ಇಡುವ ವ್ಯವಸ್ಥೆ ಮಾಡಬೇಕು. ಒಂದು ಕಲಮು ಓದಿ ನನಗೆ ನಗು ಬಂತು. ಗುರುತಿನ ಚೀಟಿ ಇಲ್ಲದೆ, ಮೊದಲೇ ಕೇಳಿ ಒಪ್ಪಿಗೆ ಪಡೆಯದೆ ಯಾರ ಮನೆಗೂ ಮಾರಲು ಹೋಗುವಂತಿಲ್ಲ. ಹಗಲು ನಿದ್ದೆ ಮಾಡುತ್ತಿದ್ದ ಆ ರೈಲ್ವೆಯವರು ತೊಂಬತ್ತು ವರ್ಷ ಹಿಂದೆ ಕೇಳಿದ್ದು ಇಷ್ಟೇ ತಾನೇ.

ನಿಯಮ ಬಂದ ನಾಲ್ಕೇ ತಿಂಗಳಿಗೆ, 2022ರ ಏಪ್ರಿಲ್‌ನಲ್ಲಿ, ಇ.ಡಿ. ಅದೇ ಆಮ್‌ವೇಯ 757.77 ಕೋಟಿ ರೂಪಾಯಿ ಆಸ್ತಿ ಜಪ್ತಿ ಮಾಡಿತು. ಹಾಗಾಗಿ ನಿಯಮ ಬಂದರೆ ನೆಮ್ಮದಿ ಅನ್ನುವ ಲೆಕ್ಕವೂ ಪೂರ್ತಿ ಸರಿಹೋಗಲಿಲ್ಲ.

ಅಮೆರಿಕದ ಕಥೆ ಇನ್ನೂ ಮುಗಿದಿಲ್ಲ. 2025ರ ಜನವರಿಯಲ್ಲಿ ಕಮಿಷನ್ ಮತ್ತೆ ಒಂದು ಕರಡು ತಂದಿತು, ಈ ಸಲ ಮಲ್ಟಿಲೆವೆಲ್ ಕಂಪನಿಗಳ ಹೆಸರು ಹಿಡಿದೇ. ಆದಾಯದ ಬಗ್ಗೆ ಮಾತಾಡಿದರೆ ಲಿಖಿತ ಆಧಾರ ಇಟ್ಟುಕೊಂಡಿರಬೇಕು, ಕೇಳಿದವರಿಗೆ ಕೊಡಬೇಕು ಅನ್ನುವುದು ಅದರ ತಿರುಳು. ಇದನ್ನೂ ಆ ಸಂಘ ವಿರೋಧಿಸಿತು. 2006ರ ಫಾರಂನಲ್ಲಿ ಹತ್ತು ಹೆಸರಿನ ಗಲಾಟೆಯಲ್ಲಿ ಕಳೆದುಹೋದ ವಿಷಯವೇ ಇದು. ಆಗ ಆದಾಯದ ಹಾಳೆಯೊಂದನ್ನು ಒಪ್ಪಿಕೊಂಡಿದ್ದರೆ ಈಗ ಈ ಜಗಳ ಇರುತ್ತಿರಲಿಲ್ಲ ಅನ್ನುವುದು ನನ್ನ ಅಂದಾಜು.

ಈ ಕರಡಿಗೆ ಮುಂಚೆ, 2024ರ ಸೆಪ್ಟೆಂಬರಿನಲ್ಲಿ, ಕಮಿಷನ್ನಿನ ಸಿಬ್ಬಂದಿ ಒಂದು ಕೆಲಸ ಮಾಡಿದ್ದರು. 70 ಕಂಪನಿಗಳು ತಾವಾಗೇ ಪ್ರಕಟಿಸಿಕೊಂಡ ಆದಾಯದ ಹೇಳಿಕೆಗಳನ್ನು ಒಟ್ಟಿಗೆ ಇಟ್ಟು ಓದಿದರು. ಬಹುತೇಕ ಜನಕ್ಕೆ ಸಿಗುವುದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ತಿಂಗಳಿಗೆ 84 ಡಾಲರ್ ಕೂಡ ಇಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಅತ್ತಿಗೆಗೆ ಇದನ್ನು ಹೇಳಿದೆ. 84 ಡಾಲರ್ ಅಂದರೆ ಹೆಚ್ಚುಕಡಿಮೆ ಏಳು ಸಾವಿರ ರೂಪಾಯಿ ಅಂದೆ. ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದವರು ಕೈ ನಿಲ್ಲಿಸದೆ ಕೇಳಿದರು.

‘ಅದು ಖರ್ಚು ಕಳೆದ ಮೇಲಾ, ಮುಂಚೆನಾ?’

ಮುಂಚೆ, ಅಂದೆ.